ಹನ್ನೊಂದು ಹೆಬ್ಬೆಟ್ಟು

ಅಯ್ಯೋ, ಪೂರ್ತಿ ಕೇಳು ಮಾವ, ಆಮೇಲೆ ತಲೆ ಅಲ್ಲಾಡ್ಸು! ಹನ್ನೊಂದಕ್ಕೆ ತಾಲ್ಲೂಕು ಆಫೀಸಿಗೆ ಬಾ ಅಂತ ನಿನಗೆ ನೋಟೀಸು. ಈಗಿನ್ನೂ ಎಂಟೂ ಮುಕ್ಕಾಲು. ಹತ್ತೂಕಾಲಿನ ಬಸ್ಸು ಸಿಕ್ಕಿದ್ರೂ ಸಾಕು. ಅಷ್ಟರೊಳಗೆ ನಾನು ಹೇಳ್ಕೊಟ್ಟಿದ್ದು ನಿನಗೆ ಬಾಯಿಪಾಠ ಆದ್ರೆ ಕೆಲಸ ಮುಗೀತು. ನೋಡು, ನಿನ್ನ ಪಂಪ್‌ಹೌಸಿನ ಈ ಬಕೆಟ್ ಬೋರಲು ಹಾಕ್ಕೊಂಡು ಕೂತೆ. ಈಗ ನಾನು ವೇಣುಗೋಪಾಲ ಅಲ್ಲ, ತಾಲ್ಲೂಕು ಆಫೀಸಿನ ಸಾಹೇಬ್ರು. ಹೊಟ್ಟೆ ಇಲ್ಲ... ಇರ್ಲಿ, ಇದೆ ಅನ್ಕೋ. "ಏನ್ರೀ ಬೈಲಪ್ಪ, ಕೋಡಿಪಾಳ್ಯದಲ್ಲಿ ನೀರು ಬಿಡೋರು ನೀವೇ ಏನ್ರೀ? ನಮ್ಮೂರು ನಗರಸಭೆಗೆ ಸೇರೋದು ಬೇಡ ಅಂತ ಆಕ್ಷೇಪಣೆ ಅರ್ಜಿ ಕೊಟ್ರಲ್ಲ, ಅದರಲ್ಲಿ ಮೊದಲ್ನೇ ಸಹಿ ನಿಮ್ದೇ ತಾನೇ? ಹಂಗಾದ್ರೆ ಹೇಳಿ, ಅದರಲ್ಲಿ ಸತ್ತೋರು ಹನ್ನೊಂದು ಜನ ಹೆಬ್ಬೆಟ್ಟು ಒತ್ತಿದ್ದಾರಲ್ಲ, ಅವ್ರು ಯಾವ ಬಸ್ಸಲ್ಲಿ ಬಂದಿದ್ರು?"

ನಗು ಬರ್ಲಿಲ್ವಾ? ನಿನ್ನ ನಗಿಸೋದು ಅಂದ್ರೆ ಬೋರ್‌ವೆಲ್ ಕೊರೆಸಿದಂಗೆ ಕಣ್ ಮಾವ. ಎಂಟುನೂರು ಅಡಿ ಹೋದ್ರೂ ಬರೀ ಧೂಳು.

ಸರಿ. ಆವಾಗ ನೀನೇನು ಹೇಳ್ಬೇಕು? "ಸಾರ್, ಅರ್ಜಿ ಎರಡು ದಿನ ಹಾಲಿನ ಡೈರಿ ಮುಂದೆ ಟೇಬಲ್ ಮೇಲಿತ್ತು. ಬರೋರು ಹೋಗೋರು ಸಹಿ ಹಾಕಿದ್ರು. ನಾನು ಕಾವಲು ಕೂತಿರ್ಲಿಲ್ಲ. ಮನೋಹರ್ ಕಡೆಯೋರು ಅಲ್ಲೇ ಓಡಾಡ್ತಿದ್ರು." ಅಷ್ಟೇ. ಅವ್ರೇ ಒತ್ತಿದ್ರು ಅಂತ ಹೇಳೋದು ಬೇಡ. ಓಡಾಡ್ತಿದ್ರು. ಓಡಾಡಿದ್ದು ಸುಳ್ಳಾ? ರಸ್ತೆ ಇರೋದೇ ಓಡಾಡೋಕೆ! ಮನೋಹರ್ ಅಂದ್ರೆ ಲೇಔಟ್ ಮಾಡೋ ಮನುಷ್ಯ. ಊರು ಯಾವಾಗ ನಗರಸಭೆಗೆ ಸೇರುತ್ತೋ, ಸೈಟಿನ ಬೋರ್ಡ್ ಮೇಲೆ 'ನಗರಸಭೆ ವ್ಯಾಪ್ತಿ' ಅಂತ ಯಾವಾಗ ಬರೆಸ್ಲೋ ಅಂತ ಹರಕೆ ಹೊತ್ತೋನು. ಅರ್ಜಿ ಕೆಡಿಸೋಕೆ ಅವನೇ ಸತ್ತೋರ ಹೆಸರು ತೂರಿಸ್ದ ಅಂದ್ರೆ ಯಾರು ನಂಬಲ್ಲ ಹೇಳು? ನಾನೇ ನಂಬ್ಬಿಡ್ತೀನಿ.

ಯಾಕೆ? ಬೇಡ್ವಾ?

ಮನೋಹರ್ ಮೇಲೆ ನಿನಗ್ಯಾಕೆ ಕರುಣೆ? ಅವನೇನು ನಿನ್ನ ಅಳಿಯನಾ?... ಸರಿ ಸರಿ, ಕಂಬಿ ಕೆಳಗಿಡು. ಆ ವಾಲ್ವ್ ತಿರುಗ್ಸೋ ಕಂಬಿ ಹಿಡ್ಕೊಂಡು ಹಂಗೆ ನೋಡಿದ್ರೆ ಭಯ ಆಗುತ್ತೆ. ಇಪ್ಪತ್ತಾರು ವರ್ಷ ಅದನ್ನೇ ಹಿಡಿದು ಹಿಡಿದು ನಿನ್ನ ಅಂಗೈ ಕಬ್ಬಿಣ ಆಗಿದೆ. ಒಂದೇಟು ಬಿದ್ರೆ ನಾನು ಆ ಪಟ್ಟೀಲಿ ಹನ್ನೆರಡನೆಯೋನು!

ನಗಬೇಡ ಬಿಡು. ಯಾರು ಕೇಳ್ತಾರೆ.

ಆದ್ರೆ ಒಂದು ತಿಳ್ಕೋ ಮಾವ. ಇವತ್ತು ನೀನು ಸುಮ್ಮನೆ ಕೂತ್ರೆ ಆಗಲ್ಲ. ಪಂಚಾಯ್ತಿ ಮುಚ್ಚಿದ ಮೇಲೆ ಅಲ್ಲಿದ್ದೋರನ್ನೆಲ್ಲಾ ನಗರಸಭೆ ಪಟ್ಟೀಗೆ ಸೇರಿಸ್ತಿದ್ದಾರೆ. ನೀರು ಬಿಡೋರು, ಕಸ ಗುಡಿಸೋರು, ಬಿಲ್ ಕಲೆಕ್ಟರು, ಎಲ್ರೂ. ಪಟ್ಟಿ ಇವತ್ತು ಸಂಜೆ ಹೋಗುತ್ತೆ. ಆರು ಹೆಸರಿಗೆ ಟಿಕ್ ಬಿದ್ದಿದೆ. ನಿನ್ನ ಹೆಸರಿನ ಮುಂದೆ ಮಾತ್ರ ಪೆನ್ಸಿಲಲ್ಲಿ 'ವಿಚಾರಣೆ ಬಾಕಿ' ಅಂತ ಬರ್ದಿದ್ದಾರೆ. ವರಲಕ್ಷ್ಮಮ್ಮನೋರು ಕಣ್ಣಾರೆ ನೋಡ್ಕೊಂಡು ಬಂದ್ರು. ನಮ್ಮ ಮೆಂಬರ್ರು... ಈಗ ಮಾಜಿ ಅನ್ಬೇಕು ಪಾಪ. ಇವತ್ತು ನೀನು "ನಾನಲ್ಲ" ಅಂತ ಬರೆದುಕೊಟ್ರೆ ಆ ಪೆನ್ಸಿಲ್ ಅಳಿಸ್ತಾರೆ. "ನಾನೇ" ಅಂದ್ರೆ ನಿನ್ನ ಹೆಸರನ್ನೇ ಅಳಿಸ್ತಾರೆ. ನಡುವೆ ಬೇರೆ ದಾರಿ ಇಲ್ಲ. ಮನೋಹರ್ ಹೆಸರು ಬೇಡ ಅಂದ್ರೆ ಬೇಡಪ್ಪಾ. ಗಾಳಿ ಹಾಕ್ತು ಅನ್ನು. ನಾಯಿ ಹಾಕ್ತು ಅನ್ನು.

ನಗರಸಭೆಯೋರ ನೀರಿನ ಟೈಮ್ ಟೇಬಲ್ ನೋಡಿದ್ಯಾ, ನಿನ್ನ ಪಂಪ್‌ಹೌಸ್ ಬಾಗಿಲಿಗೇ ಅಂಟಿಸಿದ್ದಾರೆ. ಒಂದನೇ ಬೀದಿ ಸೋಮವಾರ, ಗುರುವಾರ, ಆರರಿಂದ ಏಳು. ಎರಡನೇ ಬೀದಿ ಮಂಗಳವಾರ, ಶುಕ್ರವಾರ. ಸೀಲು, ಸಹಿ, ಎಲ್ಲಾ ಜೋರಾಗಿದೆ. ನಾನು ಎರಡು ಸಲ ಓದ್ದೆ ಮಾವ, ಕೆಳಗಿಂದ ಮೇಲಕ್ಕೂ ಓದ್ದೆ. ಸಾವಿನ ಮನೆಗೆ ಅಂತ ಒಂದು ಕಾಲಂ ಇಲ್ಲ. ಊರಲ್ಲಿ ಯಾರಾದ್ರೂ ಹೋದ್ರು ಅಂತ ತಮಟೆ ಸದ್ದು ಕೇಳಿದ್ರೆ ಸಾಕು, ವಾರ ಇರ್ಲಿ ಬಿಡ್ಲಿ, ಆ ಬೀದಿ ವಾಲ್ವ್ ತಿರುಗಿಸ್ತಿದ್ದೆ ನೀನು. ಯಾರೂ ಬಂದು ಕೇಳ್ಬೇಕಾಗಿರ್ಲಿಲ್ಲ. ಅಳೋ ಮನೆಯೋರು ನೀರು ಕೇಳೋಕೆ ಬರಬಾರ್ದು ಅಂತಿದ್ದೆ. ಇನ್ಮೇಲೆ? ಬುಧವಾರ ಸತ್ತೋನು ಗುರುವಾರದ ತನಕ ಕಾಯ್ಬೇಕು. ಮುಂಚೇನೇ ಅರ್ಜಿ ಹಾಕಿ ಸಾಯ್ಬೇಕು, ಎರಡು ಪ್ರತಿ, ಫೋಟೋ ಅಂಟಿಸಿ!

ನಗರಸಭೆ ಮೇಲೆ ನನಗೆ ಕೋಪ ಇಲ್ಲಪ್ಪಾ, ಸುಳ್ಳು ಹೇಳಬಾರ್ದು. ಲೈಟ್ ಕಂಬಕ್ಕೆಲ್ಲಾ ಬಲ್ಬು ಬಂತು. ಕಸದ ಆಟೋ ದಿನಾ ಬರುತ್ತೆ. ಚರಂಡಿ ಅಗೀತಾರಂತೆ. ಆದ್ರೆ ಬೋರ್ಡ್ ನೋಡಿದ್ಯಾ ನೀನು? 'ಗ್ರಾಮ ಪಂಚಾಯ್ತಿ' ಅನ್ನೋದರ ಮೇಲೆ ಬಿಳೀ ಪೇಂಟ್ ಬಳಿದು 'ವಾರ್ಡ್ ಕಚೇರಿ' ಅಂತ ಬರ್ದಿದ್ದಾರೆ. ಬಿಸಿಲು ಬಿದ್ರೆ ಹಳೇ ಅಕ್ಷರ ಒಳಗಿಂದ ಇಣುಕ್ತವೆ. ಮೊದ್ಲು ಗ್ರಾಮಸಭೆ ಅಂದ್ರೆ ಸ್ಕೂಲ್ ಅಂಗಳದಲ್ಲಿ ಇಡೀ ಊರು ಕೂತು ಪಿಡಿಒ ಸಾಹೇಬ್ರನ್ನ ನಿಲ್ಲಿಸಿ ಬೈತಿದ್ರು. ನಮ್ಮಜ್ಜಿನೂ ಬೈತಿತ್ತು. ಯಾಕೆ ಅಂತ ಅದಕ್ಕೇ ಗೊತ್ತಿರ್ಲಿಲ್ಲ, ಆದ್ರೂ ಬೈತಿತ್ತು. ಈಗ ನಮ್ಮೂರೂ, ಪಕ್ಕದ ಎರಡೂರೂ ಸೇರಿ ಒಂದು ವಾರ್ಡು. ಎಲೆಕ್ಷನ್ ಆಗಿ ಒಬ್ಬ ಕೌನ್ಸಿಲರ್ ಬರ್ತಾನಂತೆ. ಅವನು ಟೌನಲ್ಲಿರ್ತಾನೆ. ಬೈಬೇಕು ಅಂದ್ರೆ ಬಸ್ ಚಾರ್ಜ್ ಹಾಕ್ಕೊಂಡು ಹೋಗ್ಬೇಕು!

ನಮ್ಮ ಸೋಷಿಯಲ್ ಮೇಷ್ಟ್ರು ಒಂದು ಪಾಠ ಮಾಡಿದ್ರು. ಹೂಂ, ನಾನು ಕ್ಲಾಸಲ್ಲೇ ಇದ್ದೆ, ಹಂಗ್ ನೋಡ್ಬೇಡ. ಫೇಲಾಗಿದ್ದು ಮ್ಯಾಥ್ಸಲ್ಲಿ. ಯುರೋಪಲ್ಲಿ ದೇಶಗಳೆಲ್ಲಾ ಸೇರಿ ಒಂದು ಒಕ್ಕೂಟ ಮಾಡ್ಕೊಂಡಿದ್ದಾವಂತೆ. ಹೊಸ ದೇಶ ಸೇರ್ಬೇಕು ಅಂದ್ರೆ ಸುಮ್ನೆ ಬಂದು ಕೂರೋ ಹಂಗಿಲ್ಲ. ಅವರ ಕಾನೂನು ಪುಸ್ತಕ ಒಂದಿದೆ, ಒಂದೊಂದೇ ಅಧ್ಯಾಯ ತೆಗೆದು, ನಿನ್ನ ಕೋರ್ಟು, ನಿನ್ನ ಹಾಲು, ನಿನ್ನ ಮೀನು, ನಿನ್ನ ಕಂದಾಯ ಎಲ್ಲಾ ಅದಕ್ಕೆ ಹೊಂದಿಸ್ಬೇಕು. ವರ್ಷಗಟ್ಟಲೆ ಹಿಡಿಯುತ್ತಂತೆ. ಬಾವುಟ ನಿಂದೇ ಇರುತ್ತೆ, ಆದ್ರೆ ಮನೆ ಒಳಗಿನ ಪಾತ್ರೆ ಜೋಡಿಸೋ ರೀತಿ ಅವರದ್ದು. ಸೇರಿದ ಮೇಲೆ ಕೆಲವು ದೇಶ ಉದ್ಧಾರ ಆದ್ವು ಅಂದ್ರು ಮೇಷ್ಟ್ರು. ರಸ್ತೆ ಬಂತು, ಲಂಚ ಕಮ್ಮಿ ಆಯ್ತು, ಮಕ್ಕಳು ಎಲ್ಲಿ ಬೇಕಾದ್ರೂ ಹೋಗಿ ದುಡೀಬಹುದು. ಕೆಲವು ಸೇರಿದ ಮೇಲೆ ಗೊಣಗ್ತವಂತೆ, 'ನಮ್ಮೂರ ವಿಷಯ ಯಾರೋ ದೂರದಲ್ಲಿ ಕೂತು ತೀರ್ಮಾನ ಮಾಡ್ತಾರೆ' ಅಂತ. ನಾರ್ವೆ ಅಂತ ಒಂದು ದೇಶ, ಜನ ಎರಡು ಸಲ ಓಟು ಹಾಕಿ ಬೇಡ ಅಂದ್ರಂತೆ. ಎರಡು ಸಲಾನೂ! ಅವರ ಮಾತು ನಡೀತು.

ನಾನು ಎದ್ದು ಕೇಳ್ದೆ, "ಸಾರ್, ಆ ಓಟಲ್ಲಿ ಸತ್ತೋರೂ ಹಾಕಿದ್ರಾ?" ಕ್ಲಾಸೆಲ್ಲಾ ಬಿದ್ದು ಬಿದ್ದು ನಕ್ತು. ಮೇಷ್ಟ್ರೂ ನಕ್ರು. ಆಮೇಲೆ ಹೊರಗೆ ನಿಲ್ಲಿಸಿದ್ರು. ಅದು ಎರಡು ವರ್ಷದ ಹಿಂದಿನ ಮಾತು ಮಾವ, ಈ ಅರ್ಜಿಗೂ ಅದಕ್ಕೂ ಸಂಬಂಧ ಇಲ್ಲ.

ಇಲ್ಲ ಅಂದ್ನಲ್ಲ! ಯಾಕೆ ಹಂಗೆ ದುರುಗುಟ್ಕೊಂಡು ನೋಡ್ತೀಯ?

ನಾನು ಹೇಳೋದೇನು ಅಂದ್ರೆ, ನಮಗೂ ಮೂವತ್ತು ದಿನ ಕೊಟ್ಟಿದ್ರು. ಕರಡು ಅಂತ ಹೊರಡಿಸಿ, ಆಕ್ಷೇಪಣೆ ಇದ್ರೆ ಬರ್ಕೊಡಿ ಅಂತ ಕೇಳಿದ್ರು. ಕೇಳ್ಲಿಲ್ಲ ಅಂತ ಹೇಳೋಕಾಗಲ್ಲ. ವರಲಕ್ಷ್ಮಮ್ಮನೋರು ಎಷ್ಟು ಚೆನ್ನಾಗಿ ಬರ್ದಿದ್ರು ಅರ್ಜೀನ! ಉದ್ಯೋಗ ಖಾತ್ರಿ ನಿಂತು ಹೋಗುತ್ತೆ, ಟೌನ್‌ಗೆ ಸೇರಿದ್ರೆ ಜಾಬ್ ಕಾರ್ಡ್ ನಡೆಯಲ್ಲ, ನಮ್ಮ ಹೆಂಗಸರು ಕೆರೆ ಹೂಳು ತೆಗೆಯೋ ಕೆಲಸ ಕಳ್ಕೋತಾರೆ. ಕೊಟ್ಟಿಗೆ ಇಟ್ರೆ ಲೈಸೆನ್ಸ್, ಮಗ್ಗ ಇಟ್ರೆ ಲೈಸೆನ್ಸ್. ಮೂರು ವರ್ಷ ಟೈಮ್ ಕೊಡಿ, ನಾವು ತಯಾರಾಗ್ತೀವಿ, ಆಮೇಲೆ ಸೇರಿಸ್ಕೊಳ್ಳಿ ಅಂತ ಕೇಳಿದ್ರು ಅಷ್ಟೇ. ಬೇಡ್ವೇ ಬೇಡ ಅಂತನೂ ಅಲ್ಲ. ಅದನ್ನ ಬರ್ದು ನಿನ್ನ ಕೈಗೆ ಕೊಟ್ಟು, "ಮೊದಲ್ನೇ ಸಹಿ ಬೈಲಪ್ಪಂದು. ಎಲ್ಲಾ ಮನೆ ಬಿಂದಿಗೆ ಗೊತ್ತಿರೋನು ಅವನೊಬ್ನೇ" ಅಂದ್ರು. ನೀನು ನಾಚ್ಕೊಂಡು ಸಹಿ ಹಾಕಿದ್ದು ನನಗೆ ಜ್ಞಾಪಕ ಇದೆ. ಪೆನ್ನಿನ ಕ್ಯಾಪ್ ಬಾಯಲ್ಲಿ ಕಚ್ಕೊಂಡಿದ್ದೆ.

ಮನೆಮನೆಗೆ ತಗೊಂಡು ಹೋಗೋ ಕೆಲಸ ನನಗೆ ಬಿತ್ತು. ಯಾಕಂದ್ರೆ ಊರಲ್ಲಿ ಕೆಲಸ ಇಲ್ದೋನು ನಾನೊಬ್ನೇ.

ಹಿಯರಿಂಗ್ ದಿನ ನಾನೂ ಬಂದಿದ್ದೆ, ಹಿಂದೆ ನಿಂತಿದ್ದೆ. ಸಾಹೇಬ್ರು ಒಳ್ಳೆಯೋರೇ, ಪೂರ್ತಿ ಓದಿದ್ರು. ಪಕ್ಕದಲ್ಲಿ ಒಬ್ಬರು ಮರಣ ನೋಂದಣಿ ಪುಸ್ತಕ ಇಟ್ಕೊಂಡು ಕೂತಿದ್ರು, ಯಾರಿಗೆ ಗೊತ್ತಿತ್ತು? ಒಂದೊಂದೇ ಗೀಟು ಹೊಡೀತಾ ಬಂದ್ರು. ಹನ್ನೊಂದಾದ ಮೇಲೆ ಸಾಹೇಬ್ರು ಕನ್ನಡಕ ತೆಗೆದು, "ಏನಮ್ಮಾ, ಬದುಕಿರೋರು ಸಾಲದು ಅಂತ ಸ್ಮಶಾನಕ್ಕೂ ಹೋಗಿದ್ರಾ?" ಅಂದ್ರು. ಹಾಲ್‌ ಹಾಲೇ ನಕ್ತು. ಅರ್ಜಿ ಪರಿಗಣಿಸಲು ಬರುವುದಿಲ್ಲ ಅಂತ ಬರೆದು ಮುಚ್ಚಿಬಿಟ್ರು. ವರಲಕ್ಷ್ಮಮ್ಮನೋರು ಸೆರಗು ಬಾಯಿಗಿಟ್ಕೊಂಡು ಹೊರಗೆ ಬಂದ್ರು. ನೀನು ಬಾಗಿಲ ಹತ್ರ ಚಪ್ಪಲಿ ಹುಡುಕ್ತಿದ್ದೆ. ಕಾಲಲ್ಲೇ ಇತ್ತು.

ನಾನೂ ನಕ್ಕೆ ಮಾವ. ಎಲ್ರೂ ನಕ್ರು ಅಂತ. ನಗದೇ ಇದ್ರೆ ಅನುಮಾನ ಬರುತ್ತೆ... ಅಂದ್ರೆ, ನನಗೆ ಅನುಮಾನ ಯಾಕೆ ಬರ್ಬೇಕು, ಸುಮ್ನೆ ಹೇಳ್ದೆ. ಆವತ್ತು ಸಂಜೆ 'ಕೋಡಿಪಾಳ್ಯದಲ್ಲಿ ದೆವ್ವಗಳಿಗೂ ಓಟು' ಅಂತ ಒಂದು ಫೋಟೋ ಹರಿದಾಡ್ತಲ್ಲ ವಾಟ್ಸಪ್ಪಲ್ಲಿ... ಅದು ನಾನು ಮಾಡಿದ್ದು. ಅದು ಮಾತ್ರ. ಚೆನ್ನಾಗಿತ್ತು ಅಂತ ನಾಲ್ಕು ಊರೋರು ಕಳಿಸಿದ್ರು. ಹುಡುಗಾಟ.

ಹೆಂಗಿದ್ರೂ ಸೇರಿಸ್ಕೊಳ್ತಿದ್ರು ಬಿಡು. ನಮ್ಮೂರೊಂದು ಬೇಡ ಅಂದ್ರೆ ನಿಲ್ತಿತ್ತಾ? ನಿಲ್ತಿರ್ಲಿಲ್ಲ... ಮೂರು ವರ್ಷ ಕೊಡ್ತಿದ್ರೋ ಏನೋ. ಒಂದು ವರ್ಷನಾದ್ರೂ. ಪಕ್ಕದ ಇನ್ನೊಂದೂರಿನ ಅರ್ಜಿಗೆ ಕೊಟ್ರಂತೆ, ಅವರದ್ದು ಮುಂದಿನ ಹಂತಕ್ಕೆ ಹಾಕಿದ್ರಂತೆ. ಅವರ ಹೆಂಗಸರು ಮೊನ್ನೆ ಕೂಡ ಗುದ್ದಲಿ ಹೊತ್ಕೊಂಡು ಕೆರೆ ಕಡೆ ಹೋಗ್ತಿದ್ರು. ನಮ್ಮೋರು ಡೈರಿ ಕಟ್ಟೆ ಮೇಲೆ ಕೂತು ನೋಡ್ತಿದ್ರು. ನಾನು ಆ ಕಡೆ ಹೋಗ್ಲಿಲ್ಲ, ಸುತ್ಕೊಂಡು ಬಂದೆ.

ಇರ್ಲಿ. ಈಗ ನಿನ್ನ ವಿಷಯ. ಸಾಹೇಬ್ರ ಮುಂದೆ ಸ್ವಲ್ಪ ಅಳೋ ಮುಖ ಮಾಡು. ನಿನ್ನ ಮುಖ ಹೆಂಗೂ ಹಂಗೇ ಇದೆ. "ಸಾರ್, ಸ್ವಂತ ಹೆಂಡ್ತಿ ಹೆಸರಿನ ಮುಂದೆ ಯಾವ ಗಂಡಸು ಸುಳ್ಳು ಹೆಬ್ಬೆಟ್ಟು ಒತ್ತುತ್ತಾನೆ? ಅದೂ ಕೊನೇ ಹಾಳೇಲಿ, ಅಷ್ಟು ನೀಟಾಗಿ?" ಅಂತ ಕೇಳು. ಮುನಿರತ್ನತ್ತೆ ಹೆಸರು ಕೇಳಿದ್ರೆ ಅವರೇ ಕರಗಿ...

ಏನು?

ಏನಾಯ್ತು? ಯಾಕೆ ಕಂಬಿ ಕೆಳಗಿಟ್ಟೆ?

ನೋಟೀಸಲ್ಲಿ ಇದೆ ತಾನೇ ಅತ್ತೆ ಹೆಸರು. ಕೊಡಿಲ್ಲಿ ನೋಡ್ತೀನಿ. 'ಮೃತಪಟ್ಟ ಹನ್ನೊಂದು ಮಂದಿಯ'... ಹನ್ನೊಂದು ಮಂದಿಯ... ಹೆಸರು ಹಾಕಿಲ್ಲ. ಸರಿ, ಹಿಯರಿಂಗಲ್ಲಿ ಓದಿದ್ರಲ್ಲ. ಓದ್ಲಿಲ್ವಾ? ಗೀಟು ಹೊಡೆದ್ರು ಅಷ್ಟೇನಾ? ಹಂಗಾದ್ರೆ ಪೇಪರಲ್ಲಿ ಬಂದಿರ್ಬೇಕು. ಯಾರೋ ಹೇಳಿದ್ರು. ಯಾರು ಅಂದ್ರೆ... ಡೈರಿ ಹತ್ರ ಯಾರೋ. ಊರಲ್ಲಿ ಮಾತು ಬರುತ್ತಪ್ಪಾ, ಎಲ್ಲಾ ಜ್ಞಾಪಕ ಇಟ್ಕೊಳ್ಳೋಕಾಗುತ್ತಾ?

ಮಾವ.

ಗೋಡೆ ಯಾಕೆ ನೋಡ್ತೀಯ?

ನನ್ನ ಕಡೆ ನೋಡು. ಗೋಡೆ ನೋಡ್ಬೇಡ. ಅಲ್ಲೇನಿದೆ, ಇದ್ದಿಲಲ್ಲಿ ನೀನೇ ಬರ್ದಿರೋದು. ಸಾವಿನ ಮನೆಗೆ ನೀರು ಬಿಟ್ಟ ದಿನ. ತಾರೀಕು, ಬೀದಿ, ಹೆಸರು. ಈ ಗೋಡೆಗೆ ಸುಣ್ಣ ಹೊಡೆಸಿದ ಮೇಲೆ ಬರ್ದಿದ್ದು... ಹನ್ನೊಂದು.

ಅರ್ಜೀಲೂ ಇದೇ ಸಾಲಾ? ಮೇಲಿಂದ ಕೆಳಗೆ? ಹಿಂದುಮುಂದು ಕೂಡ ಆಗಿಲ್ವಾ?

...ಈ ಪಂಪ್‌ಹೌಸ್ ಒಳಗೆ ನಿನ್ನ ಬಿಟ್ರೆ ಕೂರೋನು ನಾನೊಬ್ನೇ. ಫೋನ್ ಚಾರ್ಜಿಗೆ ಹಾಕ್ಕೊಂಡು.

ಏನಾದ್ರೂ ಅನ್ನು ಮಾವ. ಲೋಫರ್ ಅನ್ನು. ನಮ್ಮಮ್ಮ ದಿನಾ ಅನ್ನುತ್ತೆ, ಅಭ್ಯಾಸ ಇದೆ ನನಗೆ.

ಇನ್ನೂರ ಮೂರು ಸಹಿ ಆಗಿತ್ತು. ಬಿಸಿಲು. ಆ ಕಡೆ ಹೊಸ ಬೀದಿ ಹದಿನೈದು ಮನೆ ಬಾಕಿ ಇತ್ತು, ಹೋಗೋಕೆ ಬೇಜಾರು. ಇಲ್ಲಿ ಬಂದು ತಂಪಿಗೆ ಕೂತೆ. ಡೈರಿಯಿಂದ ತಂದ ಇಂಕ್ ಪ್ಯಾಡ್ ಪಕ್ಕದಲ್ಲಿತ್ತು. ಎದುರಿಗೆ ಗೋಡೆ. ಮೊದಲ್ನೇ ಹೆಸರು ಸೈಕಲ್ ರಾಮಾಂಜಿನಪ್ಪಂದು. ಆ ಅಜ್ಜ ಬದುಕಿದ್ದಾಗ ಎಲ್ಲದಕ್ಕೂ ಆಕ್ಷೇಪಣೆನೇ ತಾನೇ, ಮಳೆ ಬಂದ್ರೂ ಆಕ್ಷೇಪಣೆ, ಬರದಿದ್ರೂ ಆಕ್ಷೇಪಣೆ. ಇವನೊಬ್ಬ ಇದ್ದಿದ್ರೆ ನಗರಸಭೆನೇ ಹೆದರ್ಕೊಂಡು ಓಡ್ತಿತ್ತು ಅನ್ಕೊಂಡೆ. ಬರ್ದೆ. ಬಲಗೈ ಹೆಬ್ಬೆಟ್ಟು ಒತ್ತಿದೆ. ನಗು ಬಂತು. ಮೀಸೆ ಮುನಿವೆಂಕಟಪ್ಪ ಜೀವಮಾನದಲ್ಲಿ ಯಾವ ಕಾಗದಕ್ಕೂ ಸಹಿ ಹಾಕಿದೋನಲ್ಲ, ಸತ್ತ ಮೇಲಾದ್ರೂ ಹಾಕ್ಲಿ ಅಂತ ತೋರುಬೆರಳು ಒತ್ತಿದೆ. ಹಂಗೇ ಒಬ್ಬೊಬ್ರಿಗೆ ಒಂದೊಂದು ಬೆರಳು. ಹತ್ತು ಜನಕ್ಕೆ ಹತ್ತು ಬೆರಳು. ಲೆಕ್ಕ ಸರಿಯಾಯ್ತು ನೋಡು, ಮ್ಯಾಥ್ಸಲ್ಲಿ ಫೇಲಾದೋನಿಗೆ. ಹೆಂಗೂ ಯಾರು ನೋಡ್ತಾರೆ, ಇನ್ನೂರು ಹೆಸರಲ್ಲಿ ಯಾರು ಹುಡುಕ್ತಾರೆ, ಆಮೇಲೆ ನಿಮ್ಗೆಲ್ಲಾ ಹೇಳಿ ನಗಿಸೋಣ ಅಂತ.

ಹತ್ತು ತಮಾಷೆಗೆ ಮಾವ. ಒಪ್ಕೋತೀನಿ.

ಹನ್ನೊಂದನೇ ಹೆಸರು ಅತ್ತೇದು. ಅಲ್ಲಿ ನೋಡು, ಎಲ್ಲರ ಹೆಸರೂ ದೊಡ್ಡದಾಗಿ ಬರ್ದಿದ್ದೀಯ, ಅದನ್ನ ಮಾತ್ರ ಮೂಲೇಲಿ ಚಿಕ್ಕದಾಗಿ ಬರ್ದಿದ್ದೀಯ. ಅವತ್ತು ಬೆಳಗ್ಗೆ ನೀನೇ ಬಂದು ವಾಲ್ವ್ ಬಿಟ್ಟೆ. ಬೇರೆ ಯಾರಾದ್ರೂ ಬಿಡ್ತಿದ್ರು. ನಾನು ಬಿಡ್ತಿದ್ದೆ. ಹೆಂಡ್ತೀನ ಮನೇಲಿ ಮಲಗಿಸಿ ನೀನು ಬಂದೆ, ತಿರುಗಿಸಿ, ಬರೆದು, ಹೋದೆ.

ಅದನ್ನ ನಾನು ತಮಾಷೆಗೆ ಬರೀಲಿಲ್ಲ. ನಂಬಲ್ಲ ನೀನು, ನನಗೆ ಗೊತ್ತು. ಯಾರು ನಂಬ್ತಾರೆ. ಕೆರೆ ಕೆಲಸದ ಹೆಂಗಸರ ಗುಂಪು ಕಟ್ಟಿದ್ದೇ ಅತ್ತೆ. ಜಾಬ್ ಕಾರ್ಡ್ ಮಾಡಿಸೋಕೆ ಹಿಂದೆ ಬಿದ್ದು ಓಡಾಡಿದ್ದು ಅತ್ತೆ. ಅವರಿದ್ದಿದ್ರೆ ನಿನ್ನ ಸಹಿಗಿಂತ ಮುಂಚೆ ಅವರದ್ದು ಬೀಳ್ತಿತ್ತು. ಅತ್ತೆ ಇಲ್ದೇ ಇರೋ ಅರ್ಜಿ ಏನು ಅರ್ಜಿ ಅಂತ ಅನ್ನಿಸ್ತು ಒಂದು ಕ್ಷಣ. ಬೆರಳೆಲ್ಲಾ ಮುಗಿದಿತ್ತು. ಕಾಲ್ಬೆರಳು ಒತ್ತೋಣ ಅಂತ ಅನ್ಕೊಂಡಿದ್ದೆ... ಆಗ್ಲಿಲ್ಲ. ಹೊರಗೆ ಹೋಗಿ ಕೈ ತೊಳ್ಕೊಂಡು ಬಂದೆ. ಬಲಗೈ ಹೆಬ್ಬೆಟ್ಟೇ ಮತ್ತೆ ಒತ್ತಿದೆ, ನಿಧಾನಕ್ಕೆ, ಮಸಿ ಮೆತ್ಕೋಬಾರ್ದು ಅಂತ.

ಅದಕ್ಕೇ ನೀಟಾಗಿದೆ.

ಆವತ್ತೇ ಹರಿದು ಹಾಕ್ಬಹುದಿತ್ತು, ಕೊನೇ ಹಾಳೆ ಒಂದೇ ತಾನೇ. ಕೊಡೋ ದಿನ ಬೆಳಗ್ಗೆ ಜ್ಞಾಪಕ ಬಂತು. ಎದ್ದಿದ್ದೆ ಕೂಡ. ವರಲಕ್ಷ್ಮಮ್ಮನೋರು "ಭೇಷ್ ಕಣೋ ವೇಣು, ಇನ್ನೂರ ಹದಿನಾಲ್ಕು! ನಿನ್ನ ಕೈಲೂ ಒಂದು ಕೆಲಸ ಆಯ್ತಲ್ಲೋ" ಅಂದ್ಬಿಟ್ರು, ಎಲ್ಲರ ಮುಂದೆ. ಹುಟ್ಟಿದಾಗಿಂದ ಯಾರೂ ನನಗೆ ಭೇಷ್ ಅಂದಿರ್ಲಿಲ್ಲ ಮಾವ. ಹನ್ನೊಂದು ಕಮ್ಮಿ ಮಾಡ್ಕೊಳ್ಳೋಕೆ ಮನಸ್ಸಾಗ್ಲಿಲ್ಲ.

ನಿನ್ನ ಹೆಸರು ಸಿಕ್ಕಾಕ್ಕೊಳ್ಳುತ್ತೆ ಅಂತ ದೇವರಾಣೆ ಗೊತ್ತಿರ್ಲಿಲ್ಲ. ಗೊತ್ತಾದ ಮೇಲೂ ಎರಡು ತಿಂಗಳು ಬಾಯಿ ಬಿಡ್ಲಿಲ್ಲ. ಬೆಳಗ್ಗೆ ಎದ್ರೆ ಇವತ್ತು ಹೇಳೋಣ ಅನ್ಕೋತಿದ್ದೆ, ನಿನ್ನ ನೋಡಿದ ತಕ್ಷಣ ಒಂದು ಜೋಕ್ ಬಂದ್ಬಿಡ್ತಿತ್ತು. ಇವತ್ತೂ ಅದಕ್ಕೇ ಬಂದಿದ್ದು. ಹೇಳೋಕೆ ಅಂತ ಹೊರಟೆ, ದಾರೀಲಿ ಮನೋಹರ್ ಹೆಸರು ಹೊಳೀತು. ಎಷ್ಟು ಸಲೀಸು ನೋಡು.

ಆ ಜೇಬಲ್ಲೇನದು? ಹೇಳಿಕೆ ಬರ್ದಾಗಿದ್ಯಾ? ಯಾರು ಬರ್ಕೊಟ್ರು? ನೀನೇನಾ? ತೋರ್ಸು. ನೋಡೋಕೆ ತಾನೇ... 'ಮೇಲ್ಕಂಡ ಹನ್ನೊಂದು ಹೆಬ್ಬೆಟ್ಟುಗಳನ್ನು ನಾನೇ ಒತ್ತಿರುತ್ತೇನೆ. ಇದರಲ್ಲಿ ಬೇರೆ ಯಾರ ಕೈವಾಡವೂ ಇರುವುದಿಲ್ಲ.' ಬೈಲಪ್ಪ.

ಏನಿದು?

ಏನಿದು ಮಾವ! ಯಾರ್ ಕೇಳಿದ್ರು ನಿನ್ನ? ನಿನಗೇನು ತಲೆ ಕೆಟ್ಟಿದ್ಯಾ? ನನ್ನ ಉಳಿಸೋಕಾ? ನಾನು ಹದಿನೇಳು ವರ್ಷದೋನು, ಎರಡು ಬಾರಿಸಿ ಕಳಿಸ್ತಾರೆ. ಪೊಲೀಸ್ ಸ್ಟೇಷನ್ ಅಂದ್ರೆ ಹೆದರ್ಕೋತೀನಿ ಅಂತನಾ? ಹೂಂ, ಹೆದರ್ಕೋತೀನಿ. ಅದಕ್ಕೆ? ನೀನು ನಿನ್ನ ಕೆಲಸ ಕೊಟ್ಬಿಡ್ತೀಯಾ? ಅತ್ತೆ ಹೆಬ್ಬೆಟ್ಟು ನಾನೇ ಕದ್ದೆ ಅಂತ ನೀನು ಬರ್ಕೊಡ್ತೀಯಾ?

ಯಾವಾಗ ಗೊತ್ತಾಯ್ತು ನಿನಗೆ?

ಹಿಯರಿಂಗ್ ದಿನ ನಿನ್ನ ಕೈಗೆ ಜೆರಾಕ್ಸ್ ಕೊಟ್ರು... ಆವತ್ತೇನಾ?

ಹಂಗಾದ್ರೆ... ಇರು. ಹೋದ ತಿಂಗಳು ಅತ್ತೆ ವರ್ಷದ ತಿಥಿ. ಊರಿಗೆಲ್ಲಾ ಹೇಳ್ಲಿಲ್ಲ ನೀನು, ನಾಲ್ಕೇ ಜನ. ನನ್ನ ಕರ್ಕೊಂಡು ಹೋಗೋಕೆ ಮನೆ ತನಕ ಬಂದೆ. ಅವರೇಕಾಳು ಸಾರು, ಮುದ್ದೆ. ನನ್ನ ಎಲೆ ಅತ್ತೆ ಫೋಟೋ ಎದುರಿಗೇ ಹಾಕಿದ್ದೆ. ನಾನು... ನಾನು ಅಲ್ಲೇ ಕೂತು ಸತ್ತೋರೆಲ್ಲಾ ಸಾಲಾಗಿ ತಾಲ್ಲೂಕು ಆಫೀಸಿಗೆ ಹೋಗೋದನ್ನ ಆಕ್ಟಿಂಗ್ ಮಾಡಿ ತೋರಿಸ್ದೆ. ರಾಮಾಂಜಿನಪ್ಪನ ಕುಂಟು ನಡಿಗೆಯೆಲ್ಲಾ ಮಾಡ್ದೆ. ಉಳಿದೋರು ನಕ್ರು. ನೀನು ನನ್ನ ಎಲೆ ನೋಡಿ, ಖಾಲಿ ಆಗಿದೆ ಅಂತ ಇನ್ನೊಂದು ಮುದ್ದೆ ಇಕ್ಕಿದೆ. ತುಪ್ಪ ಹಾಕಿದೆ.

ಆವಾಗ್ಲೂ ಗೊತ್ತಿತ್ತಾ?

ಇಲ್ಲ ಅನ್ನು ಮಾವ. ಒಂದು ಸಲ ಇಲ್ಲ ಅನ್ನು.

ತಿಂದೆ ನಾನು. ಪೂರ್ತಿ ತಿಂದೆ.

ಬೈಯಲ್ಲ ನೀನು, ಅಲ್ವಾ? ಬೈದಿದ್ರೆ ನಾನು ಏನಾದ್ರೂ ಉತ್ತರ ಕೊಡ್ತಿದ್ದೆ. ಅದು ಬರುತ್ತೆ ನನಗೆ.

ಆ ಕಾಗದ ಕೊಡು. ಕೊಡು ಅಂದೆ. ಇದನ್ನ ತಗೊಂಡು ನೀನು ಬಸ್ಸು ಹತ್ತಿದ್ರೆ, ನಾಳೆಯಿಂದ ಈ ಊರಲ್ಲಿ ಒಂದು ಬಿಂದಿಗೆ ನೀರು ಹಿಡಿಯೋ ಮುಖ ಇರಲ್ಲ ನನಗೆ. ನಾನು ಹೋಗ್ತೀನಿ. ವರಲಕ್ಷ್ಮಮ್ಮನೋರ ಮನೆಗೆ ಮೊದ್ಲು ಹೋಗಿ ಹೇಳ್ತೀನಿ, ಆಮೇಲೆ ಅವರನ್ನೇ ಕರ್ಕೊಂಡು ಸಾಹೇಬ್ರ ಹತ್ರ. ಡೈರಿ ಮುಂದೇನೇ ಹೋಗ್ತೀನಿ, ಸುತ್ಕೊಂಡು ಹೋಗಲ್ಲ.

ಬಿಡು ಮಾವ. ಯಾಕೆ ಹಿಂಗೆ ಹಿಡ್ಕೊಂಡಿದ್ದೀಯ... ಬಿಡು... ಹರಿಯುತ್ತೆ. ಹರೀಲಿ ಬಿಡು.

ಬಿಟ್ಯಾ.

ಹೋಗ್ಬರ್ತೀನಿ.